ಯಾರೂ ಮೆಟ್ಟದ ಹಿಮ

ಸ್ಕೀ ರೆಸಾರ್ಟ್‌ಗೆ ಹೋದವರಿಗೆ ಸ್ವಲ್ಪ ಕೈ ಕುದುರಿದ ಮೇಲೆ ಒಂದು ಆಸೆ ಶುರುವಾಗುತ್ತೆ: ಎಲ್ಲರೂ ಜಾರೋ ಜಾಗ ಬಿಟ್ಟು, ಯಾರೂ ಮೆಟ್ಟದ ಹಿಮ ಎಲ್ಲಿದೆ? ಯಂತ್ರದಿಂದ ಹದ ಮಾಡಿ, ಕಂಬ ನೆಟ್ಟು ಗುರುತು ಹಾಕಿದ ಇಳಿಜಾರಿಗೆ ಫ್ರೆಂಚರು ‘ಪಿಸ್ತ್’ ಅಂತಾರೆ. ಅದರಾಚೆಗಿನದೆಲ್ಲ ಆಫ್‌-ಪಿಸ್ತ್. ಅಲ್ಲಿ ಗುರುತೂ ಇಲ್ಲ, ಕಾವಲೂ ಇಲ್ಲ. ಹಾಗಾದ್ರೆ ದಾರಿ ಗೊತ್ತಾಗೋದು ಹೇಗೆ? ಇದಕ್ಕೆ ಫ್ರಾನ್ಸಿನ ಶಾಮೊನಿ ಕಣಿವೆಯಲ್ಲಿ ಇನ್ನೂರು ವರ್ಷದ ಇತಿಹಾಸವೇ ಇದೆ.

1820ರ ಆಗಸ್ಟ್‌ನಲ್ಲಿ ರಷ್ಯಾದ ಜೋಸೆಫ್ ಹ್ಯಾಮೆಲ್ ಎಂಬ ವಿಜ್ಞಾನಿ ಸ್ಥಳೀಯ ಗೈಡ್‌ಗಳ ಜೊತೆ ಮಾಂಟ್ ಬ್ಲಾಂಕ್ ಹತ್ತಲು ಹೊರಟರು. ನಡುವೆ ಹವಾಮಾನ ಕೆಟ್ಟಿತು. ಗೈಡ್‌ಗಳು ವಾಪಸ್ ಹೋಗೋಣ ಅಂದರೂ ಹ್ಯಾಮೆಲ್ ಕೇಳಲಿಲ್ಲ ಅನ್ನೋ ದೂರು ಆಮೇಲೆ ಕೇಳಿಬಂತು. ಹೊಸದಾಗಿ ಬಿದ್ದಿದ್ದ ಹಿಮ ಕುಸಿದು ಮೂವರು ಗೈಡ್‌ಗಳನ್ನು ಹಿಮನದಿಯ ಬಿರುಕಿಗೆ ತಳ್ಳಿತು. ಹ್ಯಾಮೆಲ್ ಬದುಕಿ ಬಂದರು.

ಮರುವರ್ಷವೇ, 1821ರಲ್ಲಿ, ಶಾಮೊನಿಯ ಗೈಡ್‌ಗಳು ತಮ್ಮದೇ ಸಂಘ ಕಟ್ಟಿಕೊಂಡರು. ಸರದಿ ಪ್ರಕಾರ ಕೆಲಸ, ಅಪಘಾತವಾದರೆ ನೆರವಿಗೆ ಒಂದು ನಿಧಿ. ಆ ಸಂಘ ಇವತ್ತಿಗೂ ಇದೆ. ಸತ್ತ ಮೂವರ ಅವಶೇಷಗಳು 1861ರಲ್ಲಿ, ಅಂದರೆ 41 ವರ್ಷದ ನಂತರ, ಕೆಳಗಡೆ ಬೊಸಾನ್ ಹಿಮನದಿಯಲ್ಲಿ ಹೊರಬರತೊಡಗಿದವು. ಹಿಮನದಿ ಹರಿಯುವ ವೇಗ ಲೆಕ್ಕ ಹಾಕಿ, ಸುಮಾರು 40 ವರ್ಷ ಬೇಕು ಅಂತ ಜೇಮ್ಸ್ ಫೋರ್ಬ್ಸ್ ಎಂಬ ವಿಜ್ಞಾನಿ ಮೊದಲೇ ಹೇಳಿದ್ದರು.

ಕಣಿವೆಗೆ ಸ್ಕೀ ಬಂದಾಗ ಈ ಗೈಡ್‌ಗಳ ತಿಳಿವಳಿಕೆಯೇ ಕೆಲಸಕ್ಕೆ ಬಂತು. ಬೇಸಿಗೆಯಲ್ಲಿ ಕಣ್ಣಿಗೆ ಕಾಣೋ ಬಿರುಕುಗಳು ಚಳಿಗಾಲದಲ್ಲಿ ಹಿಮದಡಿ ಮುಚ್ಚಿಹೋಗಿರುತ್ತವೆ. ಎರಡೂ ಕಾಲದಲ್ಲಿ ಓಡಾಡಿದವರಿಗೆ ಮಾತ್ರ ಅವು ಎಲ್ಲಿವೆ ಅಂತ ನೆನಪಿರುತ್ತೆ. 1903ರ ಜನವರಿಯಲ್ಲಿ ಊರಿನ ವೈದ್ಯ ಮಿಶೆಲ್ ಪಾಯೋ ಗೈಡ್‌ಗಳ ಜೊತೆ ಸ್ಕೀ ಕಟ್ಟಿಕೊಂಡು ಸ್ವಿಟ್ಜರ್‌ಲೆಂಡಿನ ಜೆರ್ಮಾಟ್‌ವರೆಗೆ ಹೋದರು.

1955ರಲ್ಲಿ ಏಗ್ವಿ ದು ಮಿದಿ ಶಿಖರಕ್ಕೆ ಕೇಬಲ್ ಕಾರ್ ಬಂತು. ಈಗ ಸುಮಾರು 20 ನಿಮಿಷದಲ್ಲಿ ಯಾರು ಬೇಕಾದ್ರೂ 3,700 ಮೀಟರ್ ದಾಟಬಹುದು. ಅಲ್ಲಿಂದ ಸುಮಾರು 20 ಕಿಲೋಮೀಟರ್ ಉದ್ದದ ವಾಲೇ ಬ್ಲಾಂಶ್ ಇಳಿಜಾರು ಶುರು. ಅದು ಇವತ್ತಿಗೂ ಆಫ್‌-ಪಿಸ್ತ್. ಕೇಬಲ್ ಕಾರ್ ಎತ್ತರ ಕೊಟ್ಟಿತು, ತಿಳಿವಳಿಕೆ ಕೊಡಲಿಲ್ಲ.

ಈಗ ಮ್ಯಾಪ್‌ಗಳಿವೆ. 30 ಡಿಗ್ರಿಗಿಂತ ಕಡಿದಾದ ಇಳಿಜಾರಿಗೆ ಬಣ್ಣ ಹಚ್ಚಿ ತೋರಿಸುತ್ತವೆ, ಯಾಕಂದ್ರೆ ಹಿಮಕುಸಿತ ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿಯ ನಡುವೆ. ಹೋಗೋ ಮುಂಚೆ ನೋಡಲೇಬೇಕಾದದ್ದು. ಆದರೆ ಮ್ಯಾಪ್ ಸ್ಟ್ಯಾಟಿಕ್ ಡೇಟಾ. ನಿನ್ನೆ ರಾತ್ರಿಯ ಗಾಳಿ ಯಾವ ಮಗ್ಗುಲಿಗೆ ಹಿಮ ಪೇರಿಸಿದೆ ಅಂತ ಅದಕ್ಕೆ ಗೊತ್ತಿಲ್ಲ. ಅದಕ್ಕೆ ದಿನದಿನದ ಹಿಮಕುಸಿತ ಮುನ್ಸೂಚನೆ ಓದಬೇಕು, ಟ್ರಾನ್ಸೀವರ್, ಸಲಿಕೆ, ಪ್ರೋಬ್ ಒಯ್ಯಬೇಕು, ಬಳಸೋದೂ ಗೊತ್ತಿರಬೇಕು. ಹೂತುಹೋದವರಿಗೆ ಇರೋದು ಕೆಲವೇ ನಿಮಿಷ; ಅಗೆದು ತೆಗೆಯಬೇಕಾದವರು ಪಕ್ಕದ ಗೆಳೆಯರೇ.

ಗೈಡ್‌ಗೆ ಕೊಡೋ ದುಡ್ಡು ದುಬಾರಿ ಅನ್ನಿಸಬಹುದು. ಒಳ್ಳೆ ಹಿಮ ತೋರಿಸೋದು ಅವರ ಅರ್ಧ ಕೆಲಸ ಅಷ್ಟೇ. ಬೆಳಗ್ಗೆ ಆಕಾಶ, ಹಿಮ ನೋಡಿ ‘ಇವತ್ತು ಬೇಡ’ ಅನ್ನೋದು ಇನ್ನರ್ಧ. ಹಾಗಂದ ದಿನ ಸುಮ್ಮನೆ ಪಿಸ್ತ್‌ನಲ್ಲೇ ಜಾರಿ ಬನ್ನಿ.