ಗಿಡ ಬರೆದವರು, ಗಿಡ ಬರೆಯಲು ಕಲಿಸಿದವರು

ಕಳೆದ ಆಷಾಢದಿಂದ ನಾನು ಮತ್ತೆ ವಿದ್ಯಾರ್ಥಿಯಾಗಿದ್ದೇನೆ. 34 ವರ್ಷ ವಿಜ್ಞಾನ ಪಾಠ ಹೇಳಿ, ನಿವೃತ್ತನಾಗಿ 17 ವರ್ಷ ಕಳೆದ ಮೇಲೆ, ಭಾನುವಾರ ಬೆಳಿಗ್ಗೆ ಚೀಲದಲ್ಲಿ ಪೆನ್ಸಿಲ್ಲು, ರಬ್ಬರು, ಕುಂಚ, ಬಣ್ಣದ ಡಬ್ಬಿ ತುಂಬಿಕೊಂಡು ಬೆಂಗಳೂರಿನ ಬಸ್ಸು ಹತ್ತುವುದೆಂದರೆ ಸ್ವಲ್ಪ ನಾಚಿಕೆಯ ವಿಷಯವೇ. ಸೊಸೆಯೇ ಹಣ ಕಟ್ಟಿ ಹೆಸರು ಬರೆಸಿ ಬಂದಿದ್ದರಿಂದ ಬೇಡವೆನ್ನಲಾಗಲಿಲ್ಲ. ಒಂದು ಮನೆಯ ಮಹಡಿಯ ಮೇಲೆ, ಉತ್ತರಕ್ಕೆ ಕಿಟಕಿಯಿರುವ ಕೋಣೆಯಲ್ಲಿ ತರಗತಿ. ಕಲಿಸುವವರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕಲಿಯುವವರು ಎಂಟು ಜನ. ನನ್ನನ್ನು ಬಿಟ್ಟರೆ ಎಲ್ಲರೂ ನಲವತ್ತರ ಒಳಗಿನವರು. ವಿಷಯ: ಸಸ್ಯಚಿತ್ರ ಮತ್ತು ಜಲವರ್ಣ.

ಮೊದಲ ದಿನ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಕೆಂಪು ದಾಸವಾಳ. ನಾನು ಮನದಲ್ಲೇ ನಕ್ಕೆ. ದಾಸವಾಳವನ್ನು ಕಪ್ಪುಹಲಗೆಯ ಮೇಲೆ ಕಣ್ಣು ಮುಚ್ಚಿ ಬರೆಯಬಲ್ಲವನು ನಾನು. ಪೆನ್ಸಿಲ್ ಎತ್ತಿದ್ದೇ ತಡ, ಅವರು ಬಂದು ನಿಂತರು.

"ಸರ್, ಬರೆಯುವ ಮೊದಲು ಎಣಿಸಿ."

"ಎಣಿಸುವುದೇನು ಮೇಡಂ, ಎಲ್ಲವೂ ಐದೈದು. ನೂರಾರು ಸಲ ಪಾಠ ಮಾಡಿದ್ದೇನೆ."

"ಪಾಠದ ಹೂವಿನಲ್ಲಿ ಐದು, ಸರಿ ಸರ್. ನಿಮ್ಮ ಕೈಯಲ್ಲಿರುವ ಹೂವಿನಲ್ಲಿ ಎಷ್ಟಿದೆ?"

ಎಣಿಸಿದೆ. ದಳಗಳು ಐದು, ಪುಷ್ಪಪತ್ರಗಳು ಐದು. ಆದರೆ ಪುಷ್ಪಪತ್ರಗಳ ಕೆಳಗೆ ಕಿರಿದಾದ ಹಸಿರು ಎಸಳುಗಳ ಇನ್ನೊಂದು ಸುತ್ತು ಇರುತ್ತದಲ್ಲ, ನಾವು ಎಪಿಕ್ಯಾಲಿಕ್ಸ್ ಎಂದು ಓದಿದ್ದು, ಅದರಲ್ಲಿ ಏಳಿದ್ದವು. ಪಕ್ಕದವರ ಹೂವಿನಲ್ಲಿ ಆರು. ದಾಸವಾಳದಲ್ಲಿ ಈ ಸುತ್ತಿನ ಎಣಿಕೆ ಐದರಿಂದ ಎಂಟರವರೆಗೆ ವ್ಯತ್ಯಾಸವಾಗುವುದುಂಟು. ಪದವಿ ತರಗತಿಯಲ್ಲಿ ಇದನ್ನು ನಾನೂ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಹಲಗೆಯ ಮೇಲೆ ನನ್ನ ಕೈ 34 ವರ್ಷ ಐದನ್ನೇ ಬರೆಯುತ್ತ ಬಂದಿತ್ತು.

ಆಗ ನೆನಪಾದದ್ದು 1981–82ನೆಯ ಸಾಲಿನ ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಆಗ ನಾನು ಶಿವಮೊಗ್ಗ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿದ್ದೆ. ಹೂವಿನ ಪ್ರತಿಯೊಂದು ಸುತ್ತನ್ನೂ ಬಿಡಿಸಿ ಬೇರೆಬೇರೆಯಾಗಿ ಬರೆದು, ಭಾಗಗಳನ್ನು ಗುರುತಿಸಿ ತರಲು ಹೇಳಿದ್ದೆ. ಎಲ್ಲರೂ ಹಲಗೆಯ ಚಿತ್ರವನ್ನು ಇಳಿಸಿಕೊಂಡು ಬಂದರು. ಆ ಹುಡುಗ ಮಾತ್ರ ಬೇಲಿಯಲ್ಲಿದ್ದ ಹೂವನ್ನು ಕಿತ್ತು, ಎದುರಿಗಿಟ್ಟುಕೊಂಡು ಬರೆದಿದ್ದ. ಎಲೆಯಲ್ಲಿ ಹುಳು ತಿಂದ ತೂತು ಕೂಡ ಇತ್ತು. ಎಪಿಕ್ಯಾಲಿಕ್ಸಿನಲ್ಲಿ ಏಳು ಎಸಳು. ನಾನು ಕೆಂಪು ಶಾಯಿಯಲ್ಲಿ ಎರಡನ್ನು ಹೊಡೆದುಹಾಕಿ, 'ಗಮನವಿಟ್ಟು ನೋಡಿ ಬರೆ' ಎಂದು ಷರಾ ಬರೆದು, ಹತ್ತಕ್ಕೆ ನಾಲ್ಕು ಅಂಕ ಕೊಟ್ಟೆ. ಅವನು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ, ಪುಸ್ತಕ ತೆಗೆದುಕೊಂಡು ಹೋದ. ನನ್ನ ಆಗಿನ ಮುಖ ಹೇಗಿರುತ್ತಿತ್ತೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ನೋಡಿ ಬರೆದವನಿಗೆ ನೋಡಿ ಬರೆ ಎಂದು ಷರಾ ಹಾಕುವಂಥ ಮೇಷ್ಟ್ರು ತಯಾರಾದದ್ದು ಹೇಗೆ? ಗಿಡ ಬರೆಯುವ ವಿದ್ಯೆಯನ್ನು ಯಾರು, ಯಾರಿಗೆ, ಹೇಗೆ ಕಲಿಸಿದರು ಎಂದು ಹುಡುಕತೊಡಗಿದ್ದು ಈ ಪ್ರಶ್ನೆಯಿಂದ.

ಯುರೋಪಿನಲ್ಲಿ ಈ ವಿದ್ಯೆಗೆ ತರಗತಿಗಳು ಬಹಳ ಹಿಂದೆಯೇ ಇದ್ದವು. ಜರ್ಮನಿಯ ತೋಟಗಾರನೊಬ್ಬನ ಮಗನಾಗಿ 1708ರಲ್ಲಿ ಹುಟ್ಟಿದ ಗಿಯೋರ್ಗ್ ಡಿಯೊನಿಸಿಯಸ್ ಎಹ್ರೆಟ್ ಲಂಡನ್ನಿನಲ್ಲಿ ನೆಲೆಸಿ, ಶ್ರೀಮಂತ ಮನೆತನಗಳ ಹೆಣ್ಣುಮಕ್ಕಳಿಗೆ ಹೂ ಬರೆಯುವುದನ್ನು ಕಲಿಸಿ ಜೀವನ ಸಾಗಿಸಿದ. ಗುಲಾಬಿಗಳ ಚಿತ್ರಗಳಿಂದ ಹೆಸರಾದ ರೆದೂತೆ 1822ರಿಂದ ಪ್ಯಾರಿಸ್ಸಿನ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ ಚಿತ್ರಕಲೆಯ ಅಧ್ಯಾಪಕನಾಗಿದ್ದ.

ನಮ್ಮ ಕಡೆಯ ಕಥೆ ಬೇರೆ. ಇಲ್ಲಿ ಗಿಡ ಬರೆದವರು ಯಾವ ತರಗತಿಗೂ ಹೋದವರಲ್ಲ. ಅಪ್ಪನ ಪಕ್ಕದಲ್ಲಿ ಕುಳಿತು ಬಣ್ಣ ಅರೆದು ಕಲಿತವರು. ದೇವರ ಪಟ, ರಾಜರ ಚಿತ್ರ ಬರೆಯುತ್ತಿದ್ದ ಮನೆತನಗಳ ಕೈಗಳೇ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಿಗೆ ಗಿಡ ಬರೆದುಕೊಟ್ಟವು. ಆ ಕಾಲದ ಸಸ್ಯಶಾಸ್ತ್ರಜ್ಞರಲ್ಲಿ ಹೆಚ್ಚಿನವರು ವೈದ್ಯರೇ ಎಂಬುದನ್ನು ಮರೆಯಬಾರದು. ಆಂಧ್ರದ ಕರಾವಳಿಯಲ್ಲಿದ್ದ ವಿಲಿಯಂ ರಾಕ್ಸ್‌ಬರ್ಗ್ ಸ್ಥಳೀಯ ಚಿತ್ರಗಾರರಿಂದ ಬರೆಸಿ ಕಳುಹಿಸಿದ ಚಿತ್ರಗಳಲ್ಲಿ 300 ಮಾತ್ರ 1795ರಿಂದ 1820ರ ನಡುವೆ ಲಂಡನ್ನಿನಲ್ಲಿ ಅಚ್ಚಾದವು. ಆತ ಬರೆಸಿದ್ದು ಎರಡೂವರೆ ಸಾವಿರಕ್ಕೂ ಹೆಚ್ಚು.

ಈ ಚಿತ್ರಗಾರರು ಏನನ್ನು ಬಿಟ್ಟುಕೊಟ್ಟು ಏನನ್ನು ಹೊಸದಾಗಿ ಕಲಿಯಬೇಕಾಯಿತೆಂಬುದು ನನಗೆ ಅರ್ಥವಾದದ್ದು ನಾನೇ ಕುಂಚ ಹಿಡಿದಾಗ. ನಮ್ಮ ಸಾಂಪ್ರದಾಯಿಕ ಚಿತ್ರಗಳಲ್ಲಿ ಬಣ್ಣ ದಟ್ಟ. ಬಿಳಿ ಬೇಕಾದಲ್ಲಿ ಬಿಳಿಯ ಬಣ್ಣವನ್ನೇ ಹಚ್ಚುತ್ತಾರೆ, ತಪ್ಪಾದರೆ ಮೇಲೆ ಇನ್ನೊಂದು ಲೇಪ. ಜಲವರ್ಣದಲ್ಲಿ ಬಣ್ಣ ನೀರಿನಂತೆ ತೆಳು, ಕೆಳಗಿನ ಕಾಗದ ಕಾಣುತ್ತಿರಬೇಕು. ಎಲೆಯ ಮೇಲಿನ ಹೊಳಪೆಂದರೆ ಬಣ್ಣ ಹಚ್ಚದೆ ಉಳಿಸಿದ ಕಾಗದ. ಎಲ್ಲಿ ಹಚ್ಚಬಾರದು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು, ಆಮೇಲೆ ತಿದ್ದುವಂತಿಲ್ಲ. ಹಸಿರನ್ನು ಡಬ್ಬಿಯಿಂದ ನೇರವಾಗಿ ತೆಗೆದರೆ ಮೇಡಂ ಗದರುತ್ತಾರೆ. ನೀಲಿಗೆ ಹಳದಿ ಬೆರೆಸಿ, ಒಂದು ಚಿಟಿಕೆ ಕೆಂಪಿನಿಂದ ಅದರ ಉರಿ ತಗ್ಗಿಸಬೇಕು. ಹಿಂದೆ ಬಳಸುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ನಮ್ಮ ಮುರುಗಲು ಮರದ ಬಳಗಕ್ಕೆ ಸೇರಿದ ಮರಗಳ ಅಂಟು ಎಂದು ತಿಳಿದಾಗ, ಬಾಲ್ಯದಲ್ಲಿ ಅಜ್ಜಿ ಮಾಡುತ್ತಿದ್ದ ಮುರುಗಲು ಸಾರು ನೆನಪಾಯಿತು. ಇರಲಿ.

ಮದರಾಸು ಪ್ರಾಂತದಲ್ಲಿದ್ದ ಡಾಕ್ಟರ್ ರಾಬರ್ಟ್ ವೈಟ್ 1838ರಿಂದ 1853ರವರೆಗೆ ದಕ್ಷಿಣ ಭಾರತದ ಸಸ್ಯಗಳ 2,100ಕ್ಕೂ ಹೆಚ್ಚು ಫಲಕಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದ. ಅವನಿಗಾಗಿ ಬರೆದವರಲ್ಲಿ ಮುಖ್ಯರು ಇಬ್ಬರು: ಮೊದಲು ರಂಗಯ್ಯ, ಅನಂತರ ಗೋವಿಂದು. ವೈಟ್ ಮಾಡಿದ ದೊಡ್ಡ ಕೆಲಸವೆಂದರೆ ಚಿತ್ರದ ಅಡಿಯಲ್ಲಿ ಅವರ ಹೆಸರುಗಳನ್ನು ಅಚ್ಚು ಮಾಡಿಸಿದ್ದು. ಅಷ್ಟೇ ಅಲ್ಲ, ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದೆ ಆ ಗಿಡ ಬೇರೊಂದು ಕುಲಕ್ಕೆ ಸೇರಿಹೋಗಿ ಹೆಸರು ಬಳಕೆಯಿಂದ ತಪ್ಪಿತು. ಆದರೂ ಪಟ ಬರೆಯುವ ಮನೆಯ ಒಬ್ಬನ ಹೆಸರು ಲ್ಯಾಟಿನ್ ವೇಷ ತೊಟ್ಟು ಶಾಸ್ತ್ರಗ್ರಂಥದಲ್ಲಿ ಕುಳಿತದ್ದು ಸಣ್ಣ ಮಾತಲ್ಲ.

ಇಷ್ಟು ಕೇಳಿದ ಮೇಲೆ ಮೇಡಂ ಒಂದು ದಿನ ದಪ್ಪ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. "ಸರ್, ಇದು ನಿಮ್ಮೂರಿನ ಕಡೆಯದು" ಎಂದರು. ಎಡಿನ್‌ಬರೋ ಸಸ್ಯೋದ್ಯಾನದ ಹೆನ್ರಿ ನೋಲ್ಟಿ ಎಂಬ ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಪುಸ್ತಕ. ಹ್ಯೂ ಕ್ಲೆಗಾರ್ನ್ ಸಂಗ್ರಹದ ಚಿತ್ರಗಳು ಅದರಲ್ಲಿವೆ. 1820ರಲ್ಲಿ ಮದರಾಸಿನಲ್ಲೇ ಹುಟ್ಟಿದ ಕ್ಲೆಗಾರ್ನ್ ಕಂಪನಿಯ ವೈದ್ಯನಾಗಿ 1840ರ ದಶಕದ ನಡುವೆ ಶಿವಮೊಗ್ಗದಲ್ಲಿದ್ದ. ಮುಂದೆ ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿ, ಕಾಡು ಉಳಿಸಬೇಕೆಂದು ವಾದಿಸಿದವರಲ್ಲಿ ಮೊದಲಿಗನಾದ. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದುದರ ಹಿಂದೆಯೂ ಅವನ ಸಲಹೆಯಿತ್ತು. ಶಿವಮೊಗ್ಗದಲ್ಲಿದ್ದಾಗ ಅವನು ಒಬ್ಬ ಚಿತ್ರಗಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡ ಬರೆಸುತ್ತಿದ್ದ.

ದಿನಕ್ಕೊಂದು! ನಾನು ಒಂದು ದಾಸವಾಳಕ್ಕೆ ನಾಲ್ಕು ಭಾನುವಾರ ತೆಗೆದುಕೊಂಡೆ. ಅದೂ ದಾಸವಾಳ ಬೆಳಿಗ್ಗೆ ಅರಳಿ ಸಂಜೆಗೆ ಮುದುಡುವ ಹೂ. ಪ್ರತಿ ವಾರವೂ ಹೊಸ ಹೂ ಹುಡುಕಬೇಕು, ಪ್ರತಿ ವಾರವೂ ಎಣಿಸಬೇಕು. ಮಲೆನಾಡಿನ ಅಂಚಿನ ಮಳೆಗಾಲ ಎಂಥದೆಂದು ನಿಮಗೆ ಗೊತ್ತು. ಉಟ್ಟ ಪಂಚೆಯನ್ನು ಕೆಂಡದ ಮೇಲೆ ಹಿಡಿದು ಒಣಗಿಸುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಆ ತೇವದಲ್ಲಿ ಕಾಗದ ಉಬ್ಬುತ್ತದೆ, ಹಚ್ಚಿದ ಬಣ್ಣ ಆರುವುದೇ ಇಲ್ಲ, ಆರದ ಬಣ್ಣದ ಮೇಲೆ ಎರಡನೆಯ ಪದರ ಹಾಕಿದರೆ ಎರಡೂ ಕಲೆಸಿ ಕೆಸರಾಗುತ್ತದೆ. ಆತ ಅದನ್ನು ಹೇಗೆ ನಿಭಾಯಿಸಿದನೋ ಎಂದು ಬೆಂಗಳೂರಿನ ಒಣ ಗಾಳಿಯಲ್ಲಿ ಕುಳಿತು ಯೋಚಿಸುತ್ತೇನೆ.

ಆ ಚಿತ್ರಗಾರ ಮರಾಠಿಯವನು ಎಂದಷ್ಟೇ ಹೇಳುತ್ತಾರೆ. ಗಿಡದ ಹೆಸರಿದೆ, ಬರೆಸಿದವನ ಹೆಸರಿದೆ. ರಂಗಯ್ಯ, ಗೋವಿಂದುಗಳಿಗೆ ಸಿಕ್ಕಿದ್ದು ಅವನಿಗೆ ಸಿಗಲಿಲ್ಲ. ಪುಟ ತಿರುವುತ್ತಿದ್ದಾಗ ನನಗೆ ಕಂಡದ್ದು ಅವನ ಕಣ್ಣು ಮಾತ್ರ. ಶಿವಮೊಗ್ಗದ ಸುತ್ತ ನಾನು ಅರ್ಧ ಆಯುಷ್ಯ ಓಡಾಡಿದ ಹಾದಿಬದಿಯ ಗಿಡಗಳನ್ನು, ನಾನು ಕಾಲಿನಿಂದ ತಳ್ಳಿ ನಡೆದ ಗಿಡಗಳನ್ನು, ಆತ ಕುಳಿತು ನೋಡಿದ್ದ.

ಇಲ್ಲಿಂದ ಮುಂದೆ ತರಗತಿಗಳ ಕಾಲ. 1850ರಲ್ಲಿ ಅಲೆಗ್ಸಾಂಡರ್ ಹಂಟರ್ ಎಂಬ ಇನ್ನೊಬ್ಬ ವೈದ್ಯ ಮದರಾಸಿನಲ್ಲಿ ಸ್ವಂತ ಖರ್ಚಿನಿಂದ ಕಲಾಶಾಲೆಯೊಂದನ್ನು ತೆರೆದ; 1852ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಇಂದು ಅದು ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜು. ವೈಟ್ ಸ್ವದೇಶಕ್ಕೆ ಮರಳಿದ ಮೇಲೆ ಗೋವಿಂದು ಕ್ಲೆಗಾರ್ನನಿಗಾಗಿ ಬರೆದ. ಜೊತೆಗೆ ಹಂಟರನ ಶಾಲೆಯ ಹುಡುಗರೂ ಬರೆದರು. ಅಪ್ಪನ ಪಕ್ಕದಲ್ಲಿ ಕಲಿತವನು ಮತ್ತು ಬೆಂಚಿನ ಮೇಲೆ ಕುಳಿತು ಕಲಿತವರು ಒಬ್ಬನೇ ಯಜಮಾನನಿಗೆ ಗಿಡ ಬರೆದ ಆ ಕೆಲವು ವರ್ಷಗಳು ನನಗೆ ಬಹಳ ಕುತೂಹಲಕರವಾಗಿ ತೋರುತ್ತವೆ. ಆ ಹುಡುಗರಿಗೂ ಗೋವಿಂದುವಿಗೂ ಮಾತುಕತೆ ಇತ್ತೇ, ಅವನು ಅವರ ಕೆಲಸ ನೋಡಿ ತಲೆ ಆಡಿಸಿದನೇ ಅಥವಾ ಮೂಗು ಮುರಿದನೇ! ಮುಂದೆ ನಮ್ಮ ಲಾಲ್‌ಬಾಗಿನಲ್ಲಿಯೂ ಚೆಲುವಯ್ಯ ರಾಜು ಎಂಬ ಚಿತ್ರಗಾರರು ಗಿಡಗಳ ಚಿತ್ರ ಬರೆದರು. ತಂಜಾವೂರು, ಮೈಸೂರು ಕಡೆಯ ಚಿತ್ರಗಾರ ಮನೆತನಗಳಲ್ಲಿ ರಾಜು ಎಂಬುದು ಪರಿಚಿತ ಹೆಸರು.

ಫೋಟೋಗ್ರಫಿ ಬಂದ ಮೇಲೆ ಈ ಕೆಲಸ ನಿಂತುಹೋಗಬೇಕಿತ್ತು, ನಿಲ್ಲಲಿಲ್ಲ. ಫೋಟೋ ಒಂದು ಹೂವನ್ನು ತೋರಿಸುತ್ತದೆ. ಸಸ್ಯಚಿತ್ರ ಮೊಗ್ಗು, ಹೂ, ಕಾಯಿ, ಬೀಜ, ಸೀಳಿದ ಅಂಡಾಶಯ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಅಳತೆಯೊಂದಿಗೆ ತೋರಿಸಬಲ್ಲದು.

ಶಾಲೆಗಳಲ್ಲಿ ನಡೆದದ್ದು ಇನ್ನೊಂದು. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರ ಪಾಠ ಬೇರೆ, ವಿಜ್ಞಾನದ ಮೇಷ್ಟ್ರ ಪಾಠ ಬೇರೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕುಳಿತ ಹುಡುಗರು ಬಳ್ಳಿ, ಹೂಗಳನ್ನು ಅಂದವಾಗಿ ಬರೆಯುತ್ತಿದ್ದರು. ನನ್ನ ತರಗತಿಗೆ ಬಂದರೆ ಅದೇ ಕೈಗಳು ಹಲಗೆಯ ಗೆರೆಗಳನ್ನು ಇಳಿಸಿಕೊಳ್ಳುತ್ತಿದ್ದವು. ನಾನೂ ಹಾಗೆಯೇ ಕಲಿತವನು. ನನ್ನ ಮೇಷ್ಟ್ರು ಹಲಗೆಯ ಮೇಲೆ ಐದು ಬರೆದರು, ನಾನು ಪುಸ್ತಕದಲ್ಲಿ ಐದು ಬರೆದೆ, ಆಮೇಲೆ ಹಲಗೆಯ ಮೇಲೆ ಐದು ಬರೆದೆ. ಶಾಲೆಯ ಬೇಲಿಯಲ್ಲಿ ವರ್ಷವಿಡೀ ದಾಸವಾಳ ಅರಳುತ್ತಲೇ ಇತ್ತು.

ಆ ಹುಡುಗನ ಕಥೆಯನ್ನು ಮೇಡಂ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲೆಯ ತೂತಿನ ವಿಷಯದಲ್ಲಿ ನೀವು ಹೇಳಿದ್ದು ಸರಿಯೇ ಸರ್, ಸಸ್ಯಚಿತ್ರದಲ್ಲಿ ಹುಳು ತಿಂದದ್ದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ತೂತಿಗೆ ನಾನು ಅಂಕ ಕಳೆದಿರಲಿಲ್ಲ; ಕಳೆದದ್ದು ಆ ಎರಡು ಎಸಳಿಗೆ.

ನನ್ನ ದಾಸವಾಳ ಈಗ ಮುಗಿದಿದೆ. ದಳಗಳ ಕೆಂಪಿನಡಿಯಲ್ಲಿ ಹಳದಿಯ ತೆಳು ಪದರವಿದೆ; ಒಂದು ಕಡೆ ನೀರು ಹೆಚ್ಚಾಗಿ ಕಲೆ ಕುಳಿತಿದೆ. ಎಪಿಕ್ಯಾಲಿಕ್ಸಿನಲ್ಲಿ ಏಳು ಎಸಳಿವೆ, ಎರಡು ಬಾರಿ ಎಣಿಸಿದ್ದೇನೆ. ಸೊಸೆ ಕಟ್ಟು ಹಾಕಿಸುತ್ತೇನೆ ಎನ್ನುತ್ತಾಳೆ. ಸದ್ಯಕ್ಕೆ ಬೇಡ ಎಂದಿದ್ದೇನೆ. ಆ ಹುಡುಗನ ಹೆಸರು ನನಗೆ ಚೆನ್ನಾಗಿ ನೆನಪಿದೆ. ಅವನನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲ. ಕಿಟಕಿಯ ಪಕ್ಕದ ಮೂರನೆಯ ಬೆಂಚು, ಎಡಗೈಯಲ್ಲಿ ಬರೆಯುತ್ತಿದ್ದ. ಆ ಸಾಲಿನವರಿಗೆ ಇಷ್ಟು ಹೇಳಿದರೆ ಹೊಳೆಯುತ್ತದೆ. ಹತ್ತನೆಯ ತರಗತಿಯಾದ ಮೇಲೆ ಅವನು ಎಲ್ಲಿಗೆ ಹೋದನೆಂದು ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೆ ಬರೆಯಿರಿ.