ಕಸ್ತೂರಿಯ ಪರಿಮಳವೂ ಮಿಸ್ವಾಕ್ ಕಡ್ಡಿಯೂ

ರಮಝಾನ್ ತಿಂಗಳಲ್ಲಿ ಬೆಂಗಳೂರಿನಂತಹ ನಗರದ ಮಸೀದಿಗಳಲ್ಲಿ ಒಂದು ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದುಂಟು. ಅಸರ್ ನಮಾಝ್‌ಗೆ ವುಝೂ ಮಾಡುವಾಗ ವಿಜಯಪುರದ ಕಡೆಯ ಯುವಕನೊಬ್ಬ ಜೇಬಿನಿಂದ ಮಿಸ್ವಾಕ್ ತೆಗೆದು ಹಲ್ಲುಜ್ಜುತ್ತಾನೆ. ಪಕ್ಕದಲ್ಲಿ ಕುಳಿತ ಭಟ್ಕಳದವನೋ ಮಂಗಳೂರಿನವನೋ ಮಧ್ಯಾಹ್ನ ಕಳೆದ ಮೇಲೆ ಅದನ್ನು ಮುಟ್ಟುವುದೇ ಇಲ್ಲ. ನಮ್ಮ ಒಳನಾಡಿನ ಮುಸ್ಲಿಮರು ಹೆಚ್ಚಾಗಿ ಹನಫಿಗಳು, ಕರಾವಳಿಯ ಬ್ಯಾರಿಗಳು ಮತ್ತು ನವಾಯತರು ಶಾಫಿಈಗಳು. ಒಬ್ಬನಿಗೆ ಇನ್ನೊಬ್ಬನ ಉಪವಾಸದ ಬಗ್ಗೆ ಏನೋ ಸಂಶಯ. ಆದರೆ ಈ ಸಂಶಯದ ಹಿಂದೆ ಸಾವಿರದ ಇನ್ನೂರು ವರ್ಷಗಳ ಚರ್ಚೆಯಿದೆ. ಅದು ಕೇವಲ ಎರಡು ಮದ್‌ಹಬ್‌ಗಳ ನಡುವಿನ ಚರ್ಚೆಯೂ ಅಲ್ಲ.

ಬಾಯಿಯ ಶುಚಿತ್ವದ ವಿಷಯದಲ್ಲಿ ಪ್ರವಾದಿ ಮುಹಮ್ಮದ್(ಸ)ರ ನಿಲುವು ಸ್ಪಷ್ಟವಾಗಿತ್ತು. ಸಮುದಾಯಕ್ಕೆ ಕಷ್ಟವಾದೀತು ಎಂಬ ಕಾಳಜಿ ಇಲ್ಲದಿರುತ್ತಿದ್ದರೆ ಪ್ರತಿಯೊಂದು ನಮಾಝ್‌ಗೂ ಮಿಸ್ವಾಕ್ ಮಾಡುವಂತೆ ಆದೇಶಿಸುತ್ತಿದ್ದೆ ಎಂಬರ್ಥದ ಅವರ ಮಾತನ್ನು ಬುಖಾರಿ ಮತ್ತು ಮುಸ್ಲಿಮ್ ಇಬ್ಬರೂ ವರದಿ ಮಾಡಿದ್ದಾರೆ. ಮನೆಗೆ ಬಂದೊಡನೆ ಅವರು ಮಾಡುತ್ತಿದ್ದ ಮೊದಲ ಕೆಲಸವೇ ಮಿಸ್ವಾಕ್ ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಕ್ರಿ.ಶ. 632ರಲ್ಲಿ, ಪ್ರವಾದಿಯವರ ಕೊನೆಯ ಗಳಿಗೆಯಲ್ಲಿ, ಆಯಿಶಾರ ಸಹೋದರ ಅಬ್ದುರ್ರಹ್ಮಾನ್ ಕೈಯಲ್ಲೊಂದು ಮಿಸ್ವಾಕ್ ಹಿಡಿದು ಒಳಬಂದಿದ್ದರು. ಪ್ರವಾದಿಯವರ ದೃಷ್ಟಿ ಅದರ ಮೇಲೆಯೇ ನೆಟ್ಟಿತು. ಆಯಿಶಾ ಅದನ್ನು ತನ್ನ ಹಲ್ಲಿನಿಂದ ಮೆತ್ತಗೆ ಮಾಡಿ ಕೊಟ್ಟರು. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದು ಮಸೀದಿಗೆ ಬರಬಾರದೆಂದು ಕಲಿಸಿದವರೂ ಅವರೇ. ಪಕ್ಕದಲ್ಲಿ ನಿಲ್ಲುವವನ ಮೂಗಿನ ಬಗ್ಗೆಯೂ ಅಷ್ಟೊಂದು ಕಾಳಜಿ!

ಅರಬರ ಮಿಸ್ವಾಕ್ ಮುಖ್ಯವಾಗಿ ಅರಾಕ್ ಗಿಡದ ಬೇರು. ಭಾರತದ ಒಣ ಪ್ರದೇಶಗಳಲ್ಲಿ ಅದನ್ನು ಪೀಲು ಎನ್ನುತ್ತಾರೆ. ತುದಿಯನ್ನು ಜಗಿದರೆ ನಾರು ಬಿಡಿಸಿಕೊಂಡು ಕುಂಚದಂತಾಗುತ್ತದೆ. ಹಸಿಯಾಗಿದ್ದರೆ ಸ್ವಲ್ಪ ಖಾರದ ರಸವೂ ಬರುತ್ತದೆ. ಈ ರಸವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಅದರದ್ದೇ ಒಂದು ಚರ್ಚೆ ಇದೆ.

ಇಷ್ಟೆಲ್ಲ ಇದ್ದರೂ ತೊಡಕು ಹುಟ್ಟಿದ್ದು ಇನ್ನೊಂದು ಹದೀಸ್‌ನಿಂದ. ಉಪವಾಸಿಗನ ಬಾಯಿಯ ವಾಸನೆಯು ಅಲ್ಲಾಹನ ಬಳಿ ಕಸ್ತೂರಿಗಿಂತಲೂ ಪರಿಮಳಯುಕ್ತ ಎಂಬುದು ಅದರ ತಾತ್ಪರ್ಯ. ಹೊಟ್ಟೆ ಖಾಲಿಯಾದಾಗ ಬಾಯಿಯಲ್ಲಿ ಹುಟ್ಟುವ ಈ ವಾಸನೆಗೆ ಅರಬಿಯಲ್ಲಿ ಖುಲೂಫ್ ಎನ್ನುತ್ತಾರೆ. ಕಸ್ತೂರಿಯೆಂದರೆ ಅಂದಿನ ಅರಬರಿಗೆ ಸುಗಂಧಗಳ ರಾಜ. ಹಿಮಾಲಯದಾಚೆಯ ಮೃಗದ ನಾಭಿಯಿಂದ ಹೊರಟು, ವ್ಯಾಪಾರಿಗಳ ಕೈ ದಾಟಿ ದಾಟಿ ಅರೇಬಿಯ ತಲುಪುತ್ತಿದ್ದ ದುಬಾರಿ ಸರಕು. ಹೋಲಿಕೆಯ ತೂಕ ಆ ಕಾಲದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಅಲ್ಲಾಹನಿಗೆ ಅಷ್ಟು ಪ್ರಿಯವಾದುದನ್ನು ಉಜ್ಜಿ ತೆಗೆಯುವುದು ಸರಿಯೇ ಎಂಬ ಪ್ರಶ್ನೆ ಭಕ್ತರ ಮನಸ್ಸಿನಲ್ಲಿ ಏಳುವುದು ಸಹಜವೇ ಆಗಿತ್ತು.

ಇಮಾಮ್ ಶಾಫಿಈ(ನಿಧನ ಕ್ರಿ.ಶ. 820) ಈ ಪ್ರಶ್ನೆಗೆ ಭಕ್ತನ ಹೃದಯದಿಂದಲೇ ಉತ್ತರಿಸಿದಂತಿದೆ. ಖುಲೂಫ್ ತನಗೆ ಪ್ರಿಯವಾದ್ದರಿಂದ ಸಂಜೆಯ ಹೊತ್ತು ಮಿಸ್ವಾಕ್ ಮಾಡುವುದನ್ನು ತಾನು ಇಷ್ಟಪಡುವುದಿಲ್ಲ, ಆದರೆ ಮಾಡಿದರೆ ಉಪವಾಸ ಕೆಡುವುದಿಲ್ಲ ಎಂದು ಅವರು ತಮ್ಮ ‘ಅಲ್-ಉಮ್ಮ್’ ಗ್ರಂಥದಲ್ಲಿ ಬರೆದರು. ಮುಂದಿನ ತಲೆಮಾರಿನವರು ಸೂರ್ಯ ನಡುನೆತ್ತಿಯಿಂದ ವಾಲುವ ಹೊತ್ತನ್ನೇ ಗಡಿಯಾಗಿ ನಿಗದಿಪಡಿಸಿದರು. ಹುತಾತ್ಮನ ರಕ್ತವನ್ನು ತೊಳೆಯದೆ ದಫನ ಮಾಡುವುದಿಲ್ಲವೇ, ಆರಾಧನೆಯ ಆ ಕುರುಹಿನಂತೆಯೇ ಇದೂ ಎಂದು ವಾದಿಸಿದರು. ಕೂಫಾದ ಇಮಾಮ್ ಅಬೂ ಹನೀಫಾ(ನಿ. 767) ಮತ್ತು ಮದೀನಾದ ಇಮಾಮ್ ಮಾಲಿಕ್(ನಿ. 795) ದಿನದ ಯಾವ ಹೊತ್ತಿನಲ್ಲೂ ತೊಂದರೆ ಕಾಣಲಿಲ್ಲ. ಮಾಲಿಕ್‌ರ ಆಕ್ಷೇಪ ಇದ್ದುದು ಹಸಿ ಕಡ್ಡಿಯ ಬಗ್ಗೆ ಮಾತ್ರ. ಅದರ ರಸ ಗಂಟಲಿಗಿಳಿದರೆ?

ಈ ರಸದ ಪ್ರಶ್ನೆಯನ್ನು ಅದಕ್ಕೂ ಮೊದಲೇ ಬಸ್ರಾದ ಇಬ್ನ್ ಸೀರೀನ್‌ರ(ನಿ. 729) ಮುಂದೆ ಯಾರೋ ಇಟ್ಟಿದ್ದರು. ಹಸಿ ಮಿಸ್ವಾಕ್‌ಗೆ ರುಚಿ ಇದೆಯಲ್ಲ ಎಂದು. ನೀರಿಗೂ ರುಚಿ ಇದೆ, ಆದರೂ ನೀವು ಬಾಯಿ ಮುಕ್ಕಳಿಸುತ್ತೀರಲ್ಲ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಇಮಾಮ್ ಬುಖಾರಿ(ನಿ. 870) ಇದನ್ನು ತಮ್ಮ ಸಂಗ್ರಹದ ಉಪವಾಸದ ಭಾಗದಲ್ಲಿ ಸೇರಿಸಿದ್ದಲ್ಲದೆ, ಉಪವಾಸಿಗನಿಗೆ ಒಣ ಮತ್ತು ಹಸಿ ಮಿಸ್ವಾಕ್ ಎಂದೇ ಒಂದು ಅಧ್ಯಾಯಕ್ಕೆ ತಲೆಬರಹ ಕೊಟ್ಟರು. ಅವರ ಅಭಿಪ್ರಾಯ ತಿಳಿಯಲು ಆ ತಲೆಬರಹವೇ ಸಾಕು. ಉಪವಾಸದಲ್ಲಿದ್ದ ಪ್ರವಾದಿಯವರು ಮಿಸ್ವಾಕ್ ಮಾಡುವುದನ್ನು ಎಣಿಸಲಾರದಷ್ಟು ಸಲ ಕಂಡಿದ್ದೇನೆಂಬ ಆಮಿರ್ ಬಿನ್ ರಬೀಅ(ರ)ರ ವರದಿಯ ಉಲ್ಲೇಖವೂ ಅಲ್ಲಿದೆ. ಸಂಜೆಯ ಮಿಸ್ವಾಕ್ ಬೇಡವೆನ್ನುವ ಒಂದು ವರದಿ ಇದೆಯಾದರೂ, ಅದನ್ನು ದಾಖಲಿಸಿದ ದಾರಕುತ್ನಿಯವರೇ(ನಿ. 995) ಅದರ ಪರಂಪರೆ ದುರ್ಬಲವೆಂದು ಹೇಳಿದ್ದಾರೆ.

ಕುತೂಹಲದ ಸಂಗತಿಯೆಂದರೆ, ಶಾಫಿಈಯವರು ದಿನದ ಆರಂಭದಲ್ಲಾಗಲಿ ಕೊನೆಯಲ್ಲಾಗಲಿ ಮಿಸ್ವಾಕ್‌ನಲ್ಲಿ ತಪ್ಪು ಕಾಣಲಿಲ್ಲ ಎಂದೇ ತಿರ್ಮಿದಿ(ನಿ. 892) ದಾಖಲಿಸಿದ್ದಾರೆ! ಅಂದರೆ ಇಮಾಮರಿಂದಲೇ ಎರಡು ಅಭಿಪ್ರಾಯಗಳು ಬಂದಿವೆ.

ಚರ್ಚೆ ಕಾವೇರಿದ್ದು 13ನೇ ಶತಮಾನದ ಡಮಾಸ್ಕಸ್‌ನಲ್ಲಿ. ಅಲ್ಲಿನ ಅಶ್ರಫಿಯ್ಯ ಹದೀಸ್ ವಿದ್ಯಾಲಯದ ಮುಖ್ಯಸ್ಥರಾಗಿದ್ದ ಇಬ್ನುಸ್ಸಲಾಹ್(ನಿ. 1245) ಮತ್ತು ಉಮಯ್ಯದ್ ಮಸೀದಿಯ ಖತೀಬರಾಗಿದ್ದ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್(ನಿ. 1262) ಇಬ್ಬರೂ ಶಾಫಿಈಗಳು, ಇಬ್ಬರೂ ದಿಗ್ಗಜರು. ಕಸ್ತೂರಿಯ ಈ ಪರಿಮಳ ಇಹಲೋಕದ್ದೋ ಪರಲೋಕದ್ದೋ ಎಂಬಲ್ಲಿ ಅವರ ವಾದ ಶುರುವಾಯಿತು. ಪರಲೋಕದ್ದು ಎಂದು ಇಝ್ಝುದ್ದೀನ್, ಮುಸ್ಲಿಮ್ ವರದಿಯೊಂದರಲ್ಲಿ ಪುನರುತ್ಥಾನ ದಿನದ ಪ್ರಸ್ತಾಪವಿದೆಯಲ್ಲ ಎಂದರು. ಎರಡು ಲೋಕಗಳಿಗೂ ಅನ್ವಯ ಎಂದು ಇಬ್ನುಸ್ಸಲಾಹ್. ಪರಿಮಳವೆಂದರೆ ಅಲ್ಲಾಹನ ಸಂತೃಪ್ತಿ, ಪ್ರತಿಫಲ ಸಿಗುವ ದಿನವಾದ್ದರಿಂದಷ್ಟೇ ಆ ದಿನದ ಹೆಸರು ಬಂದಿದೆ ಎಂಬುದು ಅವರ ವಿವರಣೆ.

ಇಝ್ಝುದ್ದೀನ್ ಇಲ್ಲಿಗೇ ನಿಲ್ಲಲಿಲ್ಲ. ಈ ವಿಷಯದಲ್ಲಿ ತನ್ನ ಇಮಾಮರನ್ನೇ ಒಪ್ಪಲಾಗದೆಂದು ಬರೆದರು. ಒಂದು ಕಷ್ಟಕ್ಕೆ ಪ್ರತಿಫಲ ಹೇಳಲಾಗಿದೆ ಎಂದ ಮಾತ್ರಕ್ಕೆ ಅದನ್ನು ಉಳಿಸಿಕೊಳ್ಳುವುದು ಶ್ರೇಷ್ಠವಾಗುವುದಿಲ್ಲ. ದೊಡ್ಡವರ ಮುಂದೆ ಶುದ್ಧ ಬಾಯಿಯಿಂದ ಮಾತನಾಡುವುದು ಗೌರವ, ನಮಾಝ್‌ನಲ್ಲಿ ಪ್ರಭುವಿನೊಡನೆ ಮಾತನಾಡುವವನಿಗೆ ಮಿಸ್ವಾಕ್ ಕಲಿಸಿದ್ದು ಅದಕ್ಕಾಗಿ, ವಾಸನೆಯಲ್ಲಿ ಅಂತಹ ಗೌರವವೇನೂ ಇಲ್ಲ ಎಂಬ ಧಾಟಿಯಲ್ಲಿ ಅವರ ವಾದ ಸಾಗುತ್ತದೆ. ನನಗೆ ಇದೇ ಹೆಚ್ಚು ಸರಿಯೆನಿಸುತ್ತದೆ. ಹದೀಸ್ ಹೊಗಳುವುದು ಹಸಿವು ತಾಳಿದ ಮನುಷ್ಯನನ್ನು, ಕಚೇರಿಯಲ್ಲೋ ಬಸ್ಸಿನಲ್ಲೋ ಪಕ್ಕದಲ್ಲಿ ಕುಳಿತವನು ಮುಖ ತಿರುಗಿಸುವಂತೆ ಮಾಡುವ ದುರ್ವಾಸನೆಯನ್ನಲ್ಲ. ಕೆಲವು ವರ್ಷಗಳ ನಂತರ ಅದೇ ಅಶ್ರಫಿಯ್ಯದ ಪೀಠವೇರಿದ ಇಮಾಮ್ ನವವಿ(ನಿ. 1277) ಇಬ್ಬರ ವಾದವನ್ನೂ ದಾಖಲಿಸಿದರು. ಮದ್‌ಹಬ್‌ನ ಪ್ರಸಿದ್ಧ ಅಭಿಪ್ರಾಯವನ್ನು ವಿವರಿಸಿದ ಮೇಲೆ, ತಾನು ಆರಿಸಿಕೊಳ್ಳುವುದು ತಿರ್ಮಿದಿ ವರದಿ ಮಾಡಿದ್ದನ್ನೇ ಎಂದೂ ಸೂಚಿಸಿದರು.

ಇಬ್ನುಲ್ ಖಯ್ಯಿಮ್(ನಿ. 1350) ಇನ್ನೊಂದು ದಿಕ್ಕಿನಿಂದ ಬಂದರು. ಖುಲೂಫ್ ಹುಟ್ಟುವುದು ಖಾಲಿ ಹೊಟ್ಟೆಯಿಂದ, ಹಲ್ಲಿನಿಂದಲ್ಲ. ಹಾಗಾಗಿ ಮಿಸ್ವಾಕ್ ಅದನ್ನು ಕಳೆಯುವುದೇ ಇಲ್ಲ ಎಂದರು. ಇಂದಿನ ವೈದ್ಯಶಾಸ್ತ್ರ ಅವರ ಮಾತನ್ನು ಅರ್ಧ ಒಪ್ಪುತ್ತದೆ. ಆಹಾರವಿಲ್ಲದೆ ದೇಹ ಕೊಬ್ಬನ್ನು ಕರಗಿಸತೊಡಗಿದಾಗ ಉಂಟಾಗುವ ಅಸಿಟೋನ್ ರಕ್ತದ ಮೂಲಕ ಶ್ವಾಸಕೋಶ ತಲುಪಿ ಉಸಿರಿನಲ್ಲಿ ಹೊರಬರುತ್ತದೆ. ಯಾವ ಕಡ್ಡಿಗೂ ಅದು ಸಿಗದು. ಆದರೆ ಜೊಲ್ಲು ಕಡಿಮೆಯಾಗಿ ನಾಲಿಗೆಯ ಹಿಂಭಾಗದಲ್ಲಿ ಬ್ಯಾಕ್ಟೀರಿಯಗಳು ಹುಟ್ಟಿಸುವ ಗಂಧಕದ ವಾಸನೆಯನ್ನು ಉಜ್ಜಿ ತೆಗೆಯಬಹುದು. ಮನೆಮಂದಿಗೆ ಹೆಚ್ಚು ತೊಂದರೆ ಕೊಡುವುದು ಸಾಮಾನ್ಯವಾಗಿ ಇದೇ.

ನಮ್ಮ ಕರಾವಳಿಗೆ ಈ ಚರ್ಚೆ ತಲುಪಿದ್ದು ಮಲಬಾರಿನ ದಾರಿಯಾಗಿ. 16ನೇ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್ ಬರೆದ ‘ಫತ್‌ಹುಲ್ ಮುಈನ್’ ದಕ್ಷಿಣ ಕನ್ನಡದ ದರ್ಸ್‌ಗಳಲ್ಲಿ ಇಂದಿಗೂ ಪಾಠವಾಗುವ ಗ್ರಂಥ. ಮಧ್ಯಾಹ್ನದ ನಂತರ ಉಪವಾಸಿಗನಿಗೆ ಮಿಸ್ವಾಕ್ ಅನಪೇಕ್ಷಿತ ಎಂದೇ ಅದು ಹೇಳುತ್ತದೆ. ಆದರೆ ನಿದ್ದೆಯಂತಹ ಬೇರೆ ಕಾರಣದಿಂದ ಬಾಯಿ ಕೆಟ್ಟಿರದಿದ್ದರೆ ಎಂಬ ಷರತ್ತನ್ನೂ ಜೊತೆಗಿಡುತ್ತದೆ. ಝುಹರ್ ಮುಗಿಸಿ ಒಂದು ನಿದ್ದೆ ತೆಗೆದವನಿಗೆ ಮಖ್ದೂಮರು ಬಾಗಿಲು ತೆರೆದೇ ಇಟ್ಟಿದ್ದಾರೆ. ಈ ಷರತ್ತನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದಾರೋ!

ಟೂತ್‌ಪೇಸ್ಟ್ ಬಂದ ಮೇಲೆ ರುಚಿಯ ಹಳೆಯ ಪ್ರಶ್ನೆ ಮತ್ತೆ ಎದ್ದಿತು. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಹತ್ತನೇ ಅಧಿವೇಶನವು, ಗಂಟಲಿಗಿಳಿದುದನ್ನು ನುಂಗದಿದ್ದರೆ ಮಿಸ್ವಾಕ್, ಬ್ರಶ್, ಬಾಯಿ ಮುಕ್ಕಳಿಸುವ ಔಷಧಿ, ಹಲ್ಲು ಕೀಳಿಸುವುದು ಇವು ಯಾವುವೂ ಉಪವಾಸವನ್ನು ಮುರಿಯುವುದಿಲ್ಲ ಎಂದು ನಿರ್ಣಯಿಸಿತು. ನಮ್ಮ ದೇಶದ ಹನಫಿ ಮುಫ್ತಿಗಳು ಮಾತ್ರ ಪೇಸ್ಟನ್ನು ಅದರ ರುಚಿಯ ಕಾರಣಕ್ಕೆ ಮಕ್ರೂಹ್ ಎನ್ನುತ್ತಾ ಬಂದಿದ್ದಾರೆ. ಹೀಗಾಗಿ ಅಸರ್ ಹೊತ್ತಿಗೆ ಮಿಸ್ವಾಕ್ ಹಿಡಿಯುವ ವಿಜಯಪುರದ ಯುವಕ ಪೇಸ್ಟನ್ನು ಇಫ್ತಾರ್ ನಂತರಕ್ಕೂ ಸಹರಿಯ ಹೊತ್ತಿಗೂ ಉಳಿಸಿಕೊಳ್ಳುತ್ತಾನೆ. ಹಗಲಿನಲ್ಲಿ ಅವನಿಗೆ ಕಡ್ಡಿ, ಅದಿಲ್ಲದಿದ್ದರೆ ಪೇಸ್ಟ್ ಹಚ್ಚದ ಬ್ರಶ್ ಮತ್ತು ನೀರು.