ಹತ್ತು ಮಂದಿ ಸೇರಿದರೆ ಸಾಕು: ಯಹೂದಿಗಳ ವಾರದ ಓದು ಅಂದರೇನು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಓಡಾಡಿಕೊಂಡು ಬೆಳೆದ ನಾನು ಒಬ್ಬ ಯಹೂದಿಯನ್ನೂ ನೋಡಿಲ್ಲ. ನೋಡಿದ್ದೆಲ್ಲ ಫೋನ್‌ನಲ್ಲಿ ಇಸ್ರೇಲ್ ಪರ–ವಿರೋಧದ ಜಗಳ.

ಏನಿದು ಓದು? ತೋರಾ ಅಂದರೆ ಮೋಶೆಯ ಐದು ಗ್ರಂಥಗಳು. ಅವನ್ನು 54 ಭಾಗ ಮಾಡಿಕೊಂಡು, ಸಬ್ಬತ್ ದಿನವಾದ ಶನಿವಾರ ಪ್ರಾರ್ಥನಾ ಮಂದಿರದಲ್ಲಿ ಓದುತ್ತಾರೆ. ಸಿಮ್ಹಾತ್ ತೋರಾ ಹಬ್ಬಕ್ಕೆ ಕೊನೆಯ ಭಾಗ ಮುಗಿಸಿ, ಅವತ್ತೇ ಮತ್ತೆ ಮೊದಲಿನಿಂದ ಶುರು.

ಅದಕ್ಕೆ ರಬ್ಬಿ ಬೇಕೇ ಬೇಕಾ? ಇಲ್ಲ. ಬೇಕಿರುವುದು ಹತ್ತು ಮಂದಿ ವಯಸ್ಕರು. ಸಂಪ್ರದಾಯಸ್ಥರಲ್ಲಿ ಗಂಡಸರೇ ಆಗಬೇಕು. ಕೊಂಕಣ ತೀರದ ಬೆನೆ ಇಸ್ರೇಲಿಗಳು ತಲೆಮಾರುಗಟ್ಟಲೆ ರಬ್ಬಿಗಳಿಲ್ಲದೆಯೇ ಸಬ್ಬತ್ ಪಾಲಿಸಿದರು. ಶನಿವಾರ ಗಾಣ ನಿಲ್ಲಿಸುತ್ತಿದ್ದ ಅವರಿಗೆ ಊರವರು ‘ಶನಿವಾರ ತೇಲಿ’ ಅಂತಲೇ ಕರೆದರು, ಅಂದರೆ ಶನಿವಾರದ ಗಾಣಿಗರು.

ಕರ್ನಾಟಕದಲ್ಲಿ? ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಯಹೂದಿ ಸ್ಮಶಾನವಿದೆ. 1904ರಲ್ಲಿ ಮೈಸೂರು ಅರಸರು ಕೊಟ್ಟ ಜಾಗ.

ಎಷ್ಟು ಜನ? 2011ರ ಜನಗಣತಿಯಲ್ಲಿ ಇಡೀ ದೇಶಕ್ಕೆ ಸುಮಾರು 4,650. ಕೇಂದ್ರದ ಅಲ್ಪಸಂಖ್ಯಾತರ ಪಟ್ಟಿಯ ಆರು ಸಮುದಾಯಗಳಲ್ಲಿ ಅವರಿಲ್ಲ. ಮಹಾರಾಷ್ಟ್ರ 2016ರಲ್ಲಿ, ಗುಜರಾತ್ 2018ರಲ್ಲಿ ಮಾನ್ಯತೆ ಕೊಟ್ಟವು.

ಇಸ್ರೇಲ್ ಸರ್ಕಾರವನ್ನು ಟೀಕಿಸಿ, ನಾನೂ ಟೀಕಿಸ್ತೀನಿ. ಆದರೆ ಆ ಸರ್ಕಾರದ ಲೆಕ್ಕವನ್ನು, ಶನಿವಾರ ಹತ್ತನೆಯವರಿಗಾಗಿ ಕಾದು ಕೂರುವ ಜನರ ಖಾತೆಗೆ ಬರೆಯಬೇಡಿ.